ನುಂಗುವವರು, ನುಂಗಿಸುವವರು

ಓಂಕಾರನಿಗೆ ಊಟದ ತಾಟು ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಬಾಳವ್ವನನ್ನು ಬಿಟ್ಟು ಇನ್ನೊಬ್ಬರು ಇರಬಾರದು ಎಂಬುದು ಆ ಮನೆಯ ಎರಡು ವರ್ಷದ ಕಟ್ಟಳೆ. ಯಾರೂ ಬಾಯಿಬಿಟ್ಟು ಹೇಳಿ ಮಾಡಿದ ಕಟ್ಟಳೆಯಲ್ಲ. ಸೊಸೆ ದಾನೇಶ್ವರಿ ಆ ಹೊತ್ತಿಗೆ ಸರಿಯಾಗಿ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋಗುತ್ತಿದ್ದಳು. ಬಾಳವ್ವನ ಗಂಡ ಗುರುಪುತ್ರಪ್ಪ ಟಿವಿಯ ಸಪ್ಪಳ ಒಂದಿಷ್ಟು ಏರಿಸುತ್ತಿದ್ದ. ಆ ಸಪ್ಪಳದ ಮರೆಯಲ್ಲಿ ಬಾಳವ್ವ ಎಲೆ ಅಡಿಕೆ ಕುಟ್ಟುವ ಸಣ್ಣ ಕುಟ್ಟಾಣಿಯಲ್ಲಿ ಒಂದು ಗುಳಿಗೆ ಪುಡಿಮಾಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಯಲ್ಲಿ ಬೆರೆಸಿ, ಗಟ್ಟಿ ಮೊಸರು ಹಾಕಿ ಕಲಸಿ, ಮಗನ ತಾಟಿನ ಮೂಲೆಗೆ ಇಡುತ್ತಿದ್ದಳು. ಗುರೆಳ್ಳು ಮೊದಲೇ ಕರಿ, ಮೊದಲೇ ಒಂದಿಷ್ಟು ಕಹಿ. ಅದರಲ್ಲಿ ಏನು ಹೋದರೂ ನಾಲಿಗೆಗೆ ತಿಳಿಯುವುದಿಲ್ಲ.

ತಾಟಿನಲ್ಲಿ ಉಳಿದೀತೆಂಬ ಭಯವೂ ಇರಲಿಲ್ಲ. ಆ ಮನೆಯಲ್ಲಿ ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವುದು ಹಿರಿಯರಿಂದ ಬಂದ ರೂಢಿ. ಕೊರಳಿನ ಲಿಂಗ ತೆಗೆದು ಗೂಟಕ್ಕೆ ತೂಗುಹಾಕಿದ ಕೆಟ್ಟ ದಿನಗಳಲ್ಲೂ ಓಂಕಾರ ಈ ರೂಢಿಯನ್ನು ಬಿಟ್ಟಿರಲಿಲ್ಲ. ಅವನು ತಾಟೆತ್ತಿ ನೀರು ಕುಡಿಯುವುದನ್ನು ಬಾಗಿಲ ಮರೆಯಿಂದ ನೋಡಿದ ಮೇಲೆಯೇ ಬಾಳವ್ವನಿಗೆ ತನ್ನ ತುತ್ತು ಗಂಟಲಲ್ಲಿ ಇಳಿಯುತ್ತಿತ್ತು.

ಓಂಕಾರ ಅವಳ ಕಿರಿಯ ಮಗ. ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದ, ಕೈ ಚೆನ್ನಾಗಿತ್ತು. ನಾಲ್ಕು ವರ್ಷದ ಹಿಂದೆ ಒಂದು ದಿನ ಮನೆಗೆ ಬಂದವನೇ, ವರ್ಕ್‌ಶಾಪಿನವರು ನನ್ನ ಚಹಾದಲ್ಲಿ ಏನೋ ಕಲಸುತ್ತಾರೆ ಎಂದ. ಮರುದಿನವೂ ಅಂದ. ಆಮೇಲೆ ಗೋಡೆಯಾಚೆಯಿಂದ ಯಾರೋ ತನ್ನ ಹೆಸರು ಹಿಡಿದು ಮಾತಾಡುತ್ತಾರೆ ಎಂದ. ದವಾಖಾನೆ ಆಯಿತು, ಗುಳಿಗೆ ಆಯಿತು, ಸುಧಾರಿಸಿದ. ಸುಧಾರಿಸಿದ ಮೇಲೆ, ಇವುಗಳಿಂದ ತಲೆ ಜಡವಾಗುತ್ತದೆ ಎಂದು ಗುಳಿಗೆಗಳನ್ನೆಲ್ಲ ಗಟಾರಕ್ಕೆ ಸುರಿದ. ಅಂದಿನಿಂದ ಬಾಳವ್ವನ ಕುಟ್ಟಾಣಿ ಶುರುವಾಯಿತು. ಡಾಕ್ಟರರ ಮುಂದೆ ಅವಳು, ದಿನಾ ತಗೊಳ್ಳುತ್ತಾನೆ ಎಂದಷ್ಟೇ ಹೇಳುತ್ತಿದ್ದಳು. ಅದು ಸುಳ್ಳೂ ಅಲ್ಲ. ಮಗ ಮಾತ್ರ ತಾನು ಗುಳಿಗೆ ಬಿಟ್ಟು ಎರಡು ವರ್ಷವಾಯಿತು, ಆದರೂ ನೆಟ್ಟಗಿದ್ದೇನೆ ಎಂದುಕೊಂಡು ಮನೆಯಲ್ಲಿ ಕೂತಿದ್ದ. ಕೆಲಸವಿಲ್ಲ, ಗೆಳೆಯರಿಲ್ಲ. ಮೊಬೈಲು, ಮಲಗುವುದು, ಸಂಜೆಗೆ ಕುಂಡಗಳಿಗೆ ನೀರು.

ಇಂಥ ರೋಗ ಇರುವವರೂ ಅವರ ಮನೆಯವರೂ ತಿಂಗಳಿಗೆ ಎರಡು ಸಲ ಕೂಡಿ ಮಾತಾಡುವ ಕೂಟಗಳಿವೆ, ಬೆಳಗಾವಿಯಲ್ಲಿ ಒಂದು, ಖಾನಾಪುರದಲ್ಲಿ ಒಂದು ಎಂದು ಡಾಕ್ಟರರ ಹತ್ತಿರದ ನರ್ಸ್‌ಬಾಯಿಯೊಬ್ಬರು ಹೇಳಿದರು. ಗುರುಪುತ್ರಪ್ಪ ಖಾನಾಪುರ ಎಂದ. ಅವನು ಕರೆಂಟಿನ ಮೀಟರ್ ಓದಿ ನಿವೃತ್ತನಾದವ, ಅರ್ಧ ಬೆಳಗಾವಿಯ ಪಡಸಾಲೆ ಕಂಡವ. ಹೊರಗಿನವನ ಕಣ್ಣಿಗೆ ಮನೆಯೊಳಗಿನದು ಎಷ್ಟು ಬೀಳುತ್ತದೆಂಬುದು ಗೊತ್ತಿದ್ದುದರಿಂದಲೇ ತನ್ನ ಮನೆಯ ಮಾತು ಕಾಂಪೌಂಡ್ ದಾಟಬಾರದೆಂಬ ಹಟ ಅವನಿಗೆ.

"ಇಲ್ಲಿ ಹತ್ತ ಮಂದಿ ಕೂಡಿದ್ರ ಅದರಾಗ ಒಬ್ಬಾಂವ ನಮ್ಮ ಮಹಾಂತೇಶ ನಗರದಾಂವ ಇರ್ತಾನ," ಎಂದ.

"ಖಾನಾಪುರದಾಗಿನ ಮಂದಿಗೂ ಕಣ್ಣ ಅದಾವಲ್ರೀ?" ಎಂದಳು ಬಾಳವ್ವ.

"ಇರ್ಲಿ. ನಮ್ಮ ಗುರ್ತ ಹಿಡಿಯೂ ಕಣ್ಣಲ್ಲ ಅವು."

ದವಾಖಾನೆಯಲ್ಲ, ಡಾಕ್ಟರ್ ಇರುವುದಿಲ್ಲ, ರೈಲಿನಲ್ಲಿ ಹೋಗಿ ಬರುವುದು ಎಂದಾಗ ಓಂಕಾರ ಒಪ್ಪಿದ. ತಾಯಿ ಮಗ ಇಬ್ಬರೂ ಒಗೆದ ಬಟ್ಟೆ ಉಟ್ಟು ಎಲ್ಲಿಗೆ ಹೋದರು ಎಂದು ಬಾಜೂ ಮನೆಯ ಸಾತವ್ವ ವಿಚಾರಿಸಿದಳು. ದಾನೇಶ್ವರಿಗೆ ಬೇರೇನೂ ಹೊಳೆಯಲಿಲ್ಲ, ಖಾನಾಪುರಕ್ಕೆ ಹೆಣ್ಣು ನೋಡಲು ಹೋಗಿದ್ದಾರೆ ಎಂದುಬಿಟ್ಟಳು.

ಕೂಟ ನಡೆಯುತ್ತಿದ್ದುದು ಒಂದು ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ. ಎರಡು ಜಮಖಾನೆ ಹಾಸಿದ್ದರು. ಬಾಗಿಲಲ್ಲೇ ಒಬ್ಬ ಎತ್ತರದ ಹೆಂಗಸು, ಕೈತುಂಬ ಹಸಿರು ಬಳೆ, ಹಣೆಯ ಮೇಲೆ ದೊಡ್ಡ ಕುಂಕುಮ, ಬಾಳವ್ವನ ರಟ್ಟೆ ಹಿಡಿದು, "ಗುಳಿಗಿ ನುಂಗವ್ರು ಆ ಕಡಿ, ನುಂಗಸವ್ರು ಈ ಕಡಿ. ನೀವು ಯಾರ ಪೈಕಿ?" ಎಂದಳು. ಇಂಥ ಜಾಗದಲ್ಲಿ ನಗಬಹುದೆಂದು ಬಾಳವ್ವನಿಗೆ ಗೊತ್ತಿರಲಿಲ್ಲ. ಆ ಎತ್ತರದ ಹೆಂಗಸಿನ ಹೆಸರು ಮಾಯವ್ವ. ಅಲ್ಲೇ ಹತ್ತಿರದ ಹಳ್ಳಿಯ ಕುರುಬರ ಮನೆಯವಳು. ಮಗ ಲಕ್ಷ್ಮಣನಿಗೂ ಓಂಕಾರನದೇ ರೋಗ. ಅವನೀಗ ಇಟ್ಟಂಗಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಆಚೆಯ ಜಮಖಾನೆಯನ್ನು ನೋಡಿಕೊಳ್ಳುತ್ತಿದ್ದವ ಅವನೇ. ಕೂಟಕ್ಕೆ ಇದ್ದದ್ದು ಒಂದೇ ನಿಯಮ: ಈ ಜಮಖಾನೆಯ ಮಾತು ಆ ಜಮಖಾನೆಗೆ ಹೋಗಬಾರದು, ಆ ಜಮಖಾನೆಯದು ಇಲ್ಲಿಗೆ ಬರಬಾರದು. ಮನೆಗಂತೂ ಎರಡೂ ಹೋಗಬಾರದು.

ನೀಲಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು ಮರಾಠಿಯಲ್ಲಿ ತನ್ನ ಗಂಡನ ಗೋಳು ಹೇಳಿಕೊಂಡಳು. ಗುಳಿಗೆ ಬಾಯಿಗೆ ಹಾಕಿಕೊಂಡಂತೆ ಮಾಡಿ ಹಿತ್ತಲಲ್ಲಿ ಉಗುಳುತ್ತಾನಂತೆ. ಬಾಳವ್ವನಿಗೆ ಹುರುಪು ಬಂತು. ತನಗೆ ಬರುವ ಅರ್ಧ ಮರಾಠಿಯಲ್ಲಿ ಕುಟ್ಟಾಣಿ, ಗುರೆಳ್ಳು, ಮೊಸರು ಎಲ್ಲವನ್ನೂ ವಿವರಿಸಿದಳು. ಎರಡು ವರ್ಷ ಯಾರ ಮುಂದೂ ಆಡದ ಮಾತು, ಒಂದು ಅಡುಗೆಯ ಹದ ಹೇಳಿದಷ್ಟು ಸಲೀಸಾಗಿ ಹೊರಗೆ ಬಂತು. ನೀಲಾ ಕಣ್ಣರಳಿಸಿ ಕೇಳಿದಳು.

ಮಾಯವ್ವ ಮಾತ್ರ ಚಹಾ ತರಲು ಎದ್ದಳು. ಚಹಾ ಬಂದ ಮೇಲೆ, "ನಾನೂ ಹಾಕೀನಿ ಬಾಳವ್ವ ಬಾಯಿ, ಸಾರಿನ್ಯಾಗ," ಎಂದಳು. "ಒಂದಿನ ಲಕ್ಷ್ಮಣ ತಳದಾಗ ಬಿಳೀ ಪುಡಿ ಕಂಡ. ಆಮ್ಯಾಲೆ ನನ್ನ ಕೈಯಾಗಿಂದ ನೀರ ಸುದ್ದಾ ತೊಗೊಳ್ಳಲಿಲ್ಲ. ಕಾರ್ಖಾನಿ ಮುಂದಿನ ಗಾಡ್ಯಾಗ ಉಂಡ, ಬ್ಯಾಸಗಿ ದಾಟಿ ಮಳಿಗಾಲ ಮುಗಿಯೂ ತನಕಾ."

"ಈಗ?"

"ಈಗ ಉಣ್ತಾನ. ಮೊದಲ ಮೂಸಿ ನೋಡ್ತಾನ."

ಬಾಳವ್ವ ಈ ಮಾತಿನಿಂದ ಕಲಿತದ್ದು ಒಂದೇ: ಸಾರು ತೆಳು, ಅದರಲ್ಲಿ ಪುಡಿ ತಳಕ್ಕೆ ಕೂಡುತ್ತದೆ, ಹಿಂಡಿಯೇ ಒಳ್ಳೆಯದು.

ತಿರುಗಿ ಬರುವಾಗ ದೇಸೂರ ಸ್ಟೇಶನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಕಿಟಕಿಯತ್ತ ಮುಖ ಮಾಡಿ ಕೂತಿದ್ದ ಓಂಕಾರ ತಾನಾಗಿಯೇ, "ಲಕ್ಷ್ಮಣಾಗೂ ಚಹಾದಾಗ ಕಲಸ್ತಾರ ಅನಸ್ತಿತ್ತಂತ," ಎಂದ. ಆಮೇಲೆ ಬೆಳಗಾವಿಯವರೆಗೂ ಒಂದೊಂದಾಗಿ ಮಾತಾಡಿದ. ಲಕ್ಷ್ಮಣ ಹಂಗ ಅಂದ, ಲಕ್ಷ್ಮಣ ಹಿಂಗ ಅಂದ. 

ಮುಂದಿನ ವಾರಗಳಲ್ಲಿ ಅವನು ನಡುವೆ ನಡುವೆ ಒಬ್ಬನೇ ಖಾನಾಪುರಕ್ಕೆ ಹೋಗಿಬರತೊಡಗಿದ. ಗಡ್ಡ ಬೋಳಿಸಿದ. ಖಡೇಬಜಾರಿನಿಂದ ಮೆಂತ್ಯೆ, ಬದನೆಕಾಯಿ ತಂದ. ವರ್ಷದಿಂದ ಸೋರುತ್ತಿದ್ದ ಬಚ್ಚಲಿನ ನಳ ಬಿಚ್ಚಿ ವಾಶರ್ ಹಾಕಿದ. ಶನಿವಾರ ಹುಬ್ಬಳ್ಳಿಯಿಂದ ಬಂದ ಹಿರಿಯ ಮಗ, ದಾನೇಶ್ವರಿಯ ಗಂಡ ಅಮರ ತಮ್ಮನನ್ನು ನೋಡಿ, ನಾಲ್ಕು ದಿನ ಬಿಟ್ಟು ಇವನನ್ನು ಮತ್ತೆ ಕೆಲಸಕ್ಕೆ ಹಚ್ಚೋಣ ಎಂದ. ಬಾಜೂ ಮನೆಯ ಸಾತವ್ವ, ಹೆಣ್ಣು ಒಪ್ಪಿದ ಹಾಗೆ ಕಾಣುತ್ತದೆ ಎಂದಳು.

ಹೀಗೆ ಇದ್ದಾಗಲೇ ಎಲ್ಲ ತಿರುವುಮುರುವಾಯಿತು.

ಮೊದಲು ಓಂಕಾರ ಮುಂಜಾನೆ ಏಳುವುದು ತಪ್ಪಿತು. ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ. ತಲೆದಿಂಬು ಜೊಲ್ಲಿನಿಂದ ಒದ್ದೆ. ಆಮೇಲೆ ಕೈ ನಡುಗತೊಡಗಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಡೆದರೆ ಕಟ್ಟಿಗೆಗೆ ಕಾಲು ಮೂಡಿದ ಹಾಗೆ. ಲೇಥ್ ಮೇಲೆ ಕೂದಲೆಳೆಯಷ್ಟು ಅಳತೆ ಹಿಡಿಯುತ್ತಿದ್ದ ಹುಡುಗ ತುತ್ತು ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಚೆಲ್ಲುತ್ತಿದ್ದ.

ಮನೆಯ ಒಬ್ಬೊಬ್ಬರಿಗೆ ಒಂದೊಂದು ತೋಚಿತು. ಖಾನಾಪುರದಲ್ಲಿ ಇವನಿಗೆ ಯಾರೋ ಏನೋ ತಿನ್ನಿಸಿದ್ದಾರೆ, ಇನ್ನು ಹೋಗುವುದು ಸಾಕು ಎಂದು ಗುರುಪುತ್ರಪ್ಪ ಹಟ ಹಿಡಿದ. ದಿನಾ ದಿಂಬಿನ ಗೌಸಣಿಗೆ ಒಗೆದು ಸಾಕಾಗಿದ್ದ ದಾನೇಶ್ವರಿ, ಡಾಕ್ಟರರನ್ನು ಕೇಳದೆ ನೀವೇ ಪಂಚಾಯ್ತಿ ಮಾಡಿದರೆ ಹೇಗೆ ಎಂದಳು. ಬಾಳವ್ವ ಫೋನು ಹಚ್ಚಿದಳು. ಗುಳಿಗೆ ಹೋಗುತ್ತಿದೆಯೇ ಎಂದು ಡಾಕ್ಟರು ಕೇಳಿದರು. ತಪ್ಪದೆ ಹೋಗುತ್ತಿದೆ ಎಂದಳು. ಹಾಗಿದ್ದರೆ ಹೀಗಾಗಬಾರದು, ಕರೆದುಕೊಂಡು ಬನ್ನಿ ಎಂದರು ಅವರು. ಓಂಕಾರ ಏಳಲಿಲ್ಲ.

ರೋಗ ಮತ್ತೆ ಹೆಡೆಯೆತ್ತಿದೆ, ಒಂದು ಗುಳಿಗೆಗೆ ಈಗ ಜಗ್ಗುತ್ತಿಲ್ಲ ಎಂದು ಬಾಳವ್ವನಿಗೆ ಅನ್ನಿಸಿತು. ಹೊಲಕ್ಕೆ ನೀರು ಸಾಲದಿದ್ದರೆ ಕಾಲುವೆಯ ಮಡೆ ಅಗಲ ಮಾಡುವುದಿಲ್ಲವೇ? ಅಂದಿನಿಂದ ಕುಟ್ಟಾಣಿಗೆ ಒಂದೂವರೆ ಹಾಕಿದಳು. ಯಾರಿಗೂ ಹೇಳಲಿಲ್ಲ. ಮಗ ಮತ್ತಷ್ಟು ಬಿಗಿದುಕೊಂಡ. ಒಂದು ಮಧ್ಯಾಹ್ನ ತಾಟು ತೊಳೆದ ನೀರು ಕುಡಿಯಲು ಹೋಗಿ ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ. ಇನ್ನೂ ಹಾಕಬೇಕೋ, ಹಾಕಿದ್ದೇ ಹೆಚ್ಚಾಯಿತೋ, ಅವಳಿಗೆ ಬಗೆಹರಿಯಲಿಲ್ಲ.

ಆ ವಾರ ಕೂಟಕ್ಕೆ ಲಕ್ಷ್ಮಣನೇ ಬಂದು ಅವನನ್ನು ಕೈಹಿಡಿದು ಕರೆದೊಯ್ದು, ಕೈಹಿಡಿದೇ ತಂದು ಬಿಟ್ಟ. ಮರುದಿನ ಮುಂಜಾನೆಯ ಗಾಡಿಗೆ ಮಾಯವ್ವ ಬಂದಳು, ಒಬ್ಬಳೇ.

ಗೇಟಿನಲ್ಲಿ ಸಾತವ್ವ ತಡೆದು, "ಖಾನಾಪುರದವ್ರೇನ್ರಿ? ಹೆಣ್ಣಿನ ಕಡೆಯವ್ರು?" ಎಂದು ಕೇಳಿದಳಂತೆ. ಮಾಯವ್ವ ಇದೇನೆಂದು ತಿಳಿಯದೆ, "ಹೌದ್ರಿ, ನಾವೂ ಹೆಣ್ಣಿನ ಕಡೆಯವ್ರ," ಎಂದು ಒಳಗೆ ಬಂದಳು. ಓಂಕಾರ ಮಲಗಿದ್ದ. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಬಾಳವ್ವನ ಎದುರು ನೆಲದ ಮೇಲೆ ಕೂತು, ಕೊಟ್ಟ ಚಹಾವನ್ನು ಮುಟ್ಟದೆ ಅವಳು ಮಾತು ತೆಗೆದಳು.

"ನಿಯಮ ಮುರಿಯಾಕ ಬಂದೀನಿ ಬಾಯಿ. ನೀ ಇನ್ನೂ ಹಿಂಡಿಯಾಗ ಹಾಕಾಕತ್ತೀಯಲ್ಲ?"

"ಹೌದು."

"ಓಂಕಾರ ತಾನೂ ನುಂಗಾಕತ್ಯಾನ."

ಬಾಳವ್ವನಿಗೆ ಮೊದಲು ಇದು ಹಿಡಿಯಲೇ ಇಲ್ಲ. ಮಾಯವ್ವ ಬಿಡಿಸಿ ಹೇಳಿದಳು. ಲಕ್ಷ್ಮಣ ತನ್ನ ಕಥೆ ಹೇಳಿ ಹೇಳಿ ಓಂಕಾರನ ಮನಸ್ಸು ತಿರುಗಿಸಿದ್ದ. ಇಬ್ಬರೂ ಕೂಡಿ ಸರಕಾರಿ ದವಾಖಾನೆಗೆ ಹೋಗಿದ್ದರು. ಎರಡು ವರ್ಷದಿಂದ ಗುಳಿಗೆ ಬಿಟ್ಟಿದ್ದೇನೆ ಎಂದು ಓಂಕಾರ ಅಲ್ಲಿ ಹೇಳಿದ್ದ, ಅವನ ಮಟ್ಟಿಗೆ ಅದು ಖರೇ. ಅವರು ಹೊಸದಾಗಿ ಬರೆದುಕೊಟ್ಟರು. ಮನೆಯಲ್ಲಿ ಹೇಳಬೇಡ, ಮೂರು ತಿಂಗಳು ಬಿಡದೆ ನುಂಗಿ ಆಮೇಲೆ ಅವ್ವನಿಗೆ ತೋರಿಸುತ್ತೇನೆ ಎಂದು ಓಂಕಾರ ಲಕ್ಷ್ಮಣನಿಂದ ಮಾತು ತೆಗೆದುಕೊಂಡಿದ್ದ.

"ಒಂದ ಮನ್ಯಾಗ ಇರ್ತೀವಿ ನಾನೂ ಲಕ್ಷ್ಮಣನೂ," ಎಂದಳು ಮಾಯವ್ವ. "ನಿನ್ನ ಮಾತ ನಾ ಅವಗ ಹೇಳಲಿಲ್ಲ, ಓಂಕಾರನ ಮಾತ ಅವ ನನಗ ಹೇಳಲಿಲ್ಲ. ನಿಯಮ ಅಂದ್ರ ನಿಯಮ ಅಂತ ಇಬ್ರೂ ಬಾಯಿಗೆ ಬೀಗಾ ಹಾಕ್ಕೊಂಡ ಕುಂತ್ವಿ. ನಿನ್ನೆ ಉಣ್ಣಾಕ ಕುಂತಾಗ ಅವ, ಎರಡೆರಡ ನುಂಗಿದವರಗತೆ ಆಗ್ಯಾನಲ್ಲವ್ವಾ ಅಂದ. ನನ್ನ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು."

ಎರಡಲ್ಲ, ಎರಡೂವರೆ ಎಂದು ಬಾಳವ್ವ ಮನಸ್ಸಿನಲ್ಲಿ ಕೂಡಿಸಿದಳು.  

"ಇನ್ನೊಂದ ಐತಿ," ಎಂದಳು ಮಾಯವ್ವ. "ಗುಳಿಗಿ ನುಂಗದಾಗ ಎರಡ ವರ್ಷ ಆರಾಮ ಇದ್ದೆ, ನುಂಗಾಕ ಹತ್ತಿದ ಮ್ಯಾಲೆ ಕಟ್ಟಿಗಿ ಆದೆ, ಇನ್ನ ಜಲ್ಮದಾಗ ಮುಟ್ಟಂಗಿಲ್ಲ ಅಂತ ಓಂಕಾರ ಲಕ್ಷ್ಮಣನ ಮುಂದ ಅಂದಾನ. ಅವನ ಲೆಕ್ಕಾ ಅವಗ ಬರೋಬರಿ ಐತಿ. ತಪ್ಪ ಐತಿ ಅನ್ನೂದ ನಿನಗಷ್ಟ ಗೊತ್ತು."

ಮಾಯವ್ವ ಹೋಗುವಾಗ ಪಡಸಾಲೆಯಲ್ಲಿದ್ದ ಗುರುಪುತ್ರಪ್ಪ ಗೋಡೆಯತ್ತ ನೋಡುತ್ತ ಕೂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಆ ದಿನ ಟಿವಿ ಹಚ್ಚುವುದನ್ನು ಮರೆತಿದ್ದ.

"ನೀ ಇವತ್ತಿಂದ ಹಾಕೂದ ಬಿಡು. ಮುಗೀತು," ಎಂದ.

"ಬಿಟ್ಟೇನಿ. ನಾಳೆ ಅವನೂ ಬಿಟ್ರ?"

"ಬಿಟ್ರ ಮತ್ತ ಹಾಕು."

"ಅವ ಯಾವಾಗ ನುಂಗತಾನ, ಯಾವಾಗ ಬಿಡ್ತಾನ, ನಾ ಹೆಂಗ ತಿಳಕೊಳ್ಳಲಿ? ಮನಶ್ಯಾರಿಗೆ ಮೀಟರ್ ಇರ್ತಾವೇನ್ರಿ?"

ದಾನೇಶ್ವರಿ ಬಾಗಿಲಿಗೆ ಒರಗಿ ನಿಂತಿದ್ದಳು. "ಹೇಳಿಬಿಡ್ರಿ ಅತ್ತಿ. ಅವರಿಗೆ ಖರೇ ಗೊತ್ತಾದ್ರ ಗುಳಿಗಿ ಬಿಡಂಗಿಲ್ಲ."

"ಹೇಳಿದ್ರ ಅವ ಅನ್ನಾ ಬಿಡ್ತಾನ," ಎಂದು ಗುರುಪುತ್ರಪ್ಪ ಎದ್ದು ನಿಂತ. "ಮಂದಿ ಕಲಸ್ತಾರ ಅಂತನ ಹುಚ್ಚ ಹಿಡದದ್ದು ಅವಗ. ತಾಯಿನ ಕಲಸ್ಯಾಳ ಅಂತ ಹೇಳಿದ್ರ ಮುಂದೇನ್ ಉಳೀತು? ನಿನಗ ತಿಳಿಯಂಗಿಲ್ಲ, ನೀ ಸುಮ್ನಿರು."

"ತಿಳಿಯದಾಕಿ ಅಂದ್ರ ನಾಳಿಂದ ಗೌಸಣಿಗಿ ತಿಳಿದವರ ಒಗೀರಿ," ಎಂದು ದಾನೇಶ್ವರಿ ಒಳಗೆ ಹೋದಳು.

ಇಬ್ಬರ ಮಾತೂ ಬಾಳವ್ವನಿಗೆ ಸರಿಯೆನ್ನಿಸಿತು, ಅದೇ ಕಷ್ಟ. ಹೇಳದಿದ್ದರೆ ಮಗ ಗುಳಿಗೆ ಬಿಡುತ್ತಾನೆ. ಹೇಳಿದರೆ ತನ್ನ ಕೈ ಬಿಡುತ್ತಾನೆ. ಅವಳು ಕಾಯಿಪಲ್ಲೆ ಸೋಸಲು ಕೂತಳು. ಹೊತ್ತು ಹೋದ ಮೇಲೆ ನೋಡಿದರೆ ಎಲೆಗಳನ್ನು ಕಸಕ್ಕೆ ಹಾಕಿ ದಂಟುಗಳನ್ನು ಬುಟ್ಟಿಗೆ ಹಾಕಿದ್ದಳು.

ಮಧ್ಯಾಹ್ನ ತಾಟು ಹಚ್ಚಿದಳು. ರೊಟ್ಟಿ, ಪಲ್ಯ, ಅನ್ನ, ಸಾರು. ಓಂಕಾರ ಗೋಡೆ ಹಿಡಿದು ಬಂದು ಕೂತ. ತಾಟಿನ ಮೂಲೆ ನೋಡಿದ.

"ಹಿಂಡಿ ಎಲ್ಲೈತಿ?"

"ಹಾಕಿಲ್ಲ." ಬಾಳವ್ವ ಅವನ ಎದುರೇ ಕೂತಳು, ಅವನು ಉಣ್ಣುವಾಗ ಎಂದೂ ಕೂತವಳಲ್ಲ. "ಓಂಕಾರ, ನೀ ಎರಡ ವರ್ಷ ಗುಳಿಗಿ ಬಿಟ್ಟಿದ್ದಿಲ್ಲ."

ಅವನು ಸಾವಕಾಶ ತಲೆ ಎತ್ತಿದ.

"ನಾ ಹಾಕ್ತಿದ್ದೆ. ಕುಟ್ಟಿ. ಹಿಂಡಿಯಾಗ."

ಓಂಕಾರ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದ.

"ದಿನಾ?"

"ದಿನಾ."

"ಊರಿಗೆ ಹೋದಾಗ?"

"ಮಜ್ಜಿಗಿಯಾಗ. ಈಗ ನೀನೂ ನುಂಗಾಕತ್ತೀದಿ ಅಂತ ಗೊತ್ತಾತು. ನಾ ನಿನಗ ಆರಾಮಿಲ್ಲ ಅಂತ ಮತ್ತರ್ಧ ಜಾಸ್ತಿ ಹಾಕಿದ್ನೆಪಾ. ಅದಕ್ಕ ಹಿಂಗ ಆಗೇತಿ. ಗುಳಿಗಿ ಕೆಟ್ಟದ್ದಲ್ಲ. ನಾ ಮಾಡಿದ್ದು."

"ಅಪ್ಪಾಗ ಗೊತ್ತಿತ್ತೇನು?"

"ಗೊತ್ತಿತ್ತು."

"ದಾನೇಶ್ವರಿ ವೈನಿಗೆ?"

"ಗೊತ್ತಿತ್ತು."

"ನನಗಷ್ಟ ಗೊತ್ತಿದ್ದಿಲ್ಲ," ಎಂದ ಓಂಕಾರ. ಆಮೇಲೆ ಅವನ ಮುಖದಲ್ಲಿ ಒಂದು ಥರದ ನಗು ಬಂತು, ಬಿಗಿದ ಗಲ್ಲದಲ್ಲಿ ಅದು ಅರ್ಧಕ್ಕೇ ನಿಂತಿತು. "ಯಾರೋ ಕಲಸ್ತಾರ ಅಂದ್ರ ನನ್ನ ದವಾಖಾನಿಗೆ ಹಾಕಿದ್ರಿ. ಖರೇನ ಕಲಸಾಕತ್ತಿದ್ರಲ್ಲವ್ವಾ."

 ನಿನ್ನ ಸಲುವಾಗಿ ಎಂಬ ಮಾತು ಬಾಳವ್ವನ ನಾಲಿಗೆಯ ತುದಿಯವರೆಗೆ ಬಂತು. ಅವನಿಗೆ ಗೊತ್ತಿರುವುದನ್ನೇ ಹೇಳಿ ಏನು ಮಾಡುವುದು ಎಂದು ನುಂಗಿಕೊಂಡಳು. ಓಂಕಾರ ಮುರಿದ ರೊಟ್ಟಿಯನ್ನು ಪಲ್ಯದ ಮೇಲೆ ಇಟ್ಟು ಎದ್ದ. ತಾಟು ಹಾಗೆಯೇ ಉಳಿಯಿತು. ಆ ಮನೆಯಲ್ಲಿ ತುಂಬಿದ ತಾಟಿನ ಮುಂದಿಂದ ಯಾರೂ ಎದ್ದುಹೋದದ್ದಿಲ್ಲ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಾಳವ್ವ ಬಹಳ ಹೊತ್ತು ಎದುರಿಟ್ಟುಕೊಂಡು ಕೂತಳು.

ಮರುದಿನ ಲಕ್ಷ್ಮಣ ಬಂದು ಅವನನ್ನು ಡಾಕ್ಟರರ ಹತ್ತಿರ ಕರೆದೊಯ್ದ. ಬಾಳವ್ವನೂ ಹಿಂದೆ ಹೋದಳು. ಹೊರಗಿನ ಬೆಂಚಿನ ಮೇಲೆ ಕೂಡು ಎಂದ ಓಂಕಾರ, ಕೂತಳು. ಕಡೆಗೆ ಡಾಕ್ಟರರೇ ಒಳಗೆ ಕರೆದು, ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿದರು. ಮಗನ ಮುಂದೆಯೇ ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಇಂಥದ್ದರಲ್ಲಿ ಜೀವಕ್ಕೂ ಅಪಾಯ ಆಗಬಹುದಿತ್ತು ಎಂದಷ್ಟೇ ಅಂದರು. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಗುಳಿಗೆ ಬದಲಾಯಿತು, ಎರಡು ದವಾಖಾನೆಯ ಚೀಟಿ ಸೇರಿ ಒಂದೇ ಆಯಿತು. ಓಂಕಾರ ಚೀಟಿಯನ್ನೂ ಗುಳಿಗೆಯನ್ನೂ ತನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ಮೈ ನಿಧಾನವಾಗಿ ಸಡಿಲಾಯಿತು. ಗುಂಡಿ ಹಾಕಿಕೊಳ್ಳಲು ಬಂತು. ಆದರೆ ಮನೆಯಲ್ಲಿ ಅವನು ಉಣ್ಣಲಿಲ್ಲ. ಸಿಪ್ಪೆ ಇರುವುದು, ಪಾಕೀಟು ಒಡೆಯದ್ದು ಅಷ್ಟೇ ಅವನಿಗೆ ಸೇರುತ್ತಿತ್ತು: ಬಾಳೆಹಣ್ಣು, ಶೇಂಗಾ, ಬಿಸ್ಕೀಟು. ಹಸಿವು ತಡೆಯದಿದ್ದರೆ ರಸ್ತೆಗೆ ಹೋಗಿ ತಳ್ಳುಗಾಡಿಯ ಮೇಲೆ ಮಿಸಳ್ ತಿಂದು ಬರುತ್ತಿದ್ದ. ದಾನೇಶ್ವರಿ ತಾನೇ ಅಡುಗೆ ಮಾಡಿ ಕರೆದಳು. ಅವನು, ನಿಮಗೂ ಗೊತ್ತಿತ್ತಲ್ಲ ವೈನಿ ಎಂದ, ಅವಳು ತಿರುಗಿ ಬಂದಳು. ಕಂಡವರ ಕೈಯಲ್ಲಿನ ಮಿಸಳ್ ನಡೆಯುತ್ತದೆ, ಹೆತ್ತವಳ ಅನ್ನ ನಡೆಯುವುದಿಲ್ಲವೇ ಎಂದು ಗುರುಪುತ್ರಪ್ಪ ಪಡಸಾಲೆಯಲ್ಲಿ ಕೂಗಾಡಿದ. ಅವನ ಕಿಸೆ ನೋಡಿ ಗುಳಿಗೆ ಎಷ್ಟು ಉಳಿದಿವೆ ಎಣಿಸುತ್ತೇನೆ ಎಂದು ಹೊರಟ.

ಬಾಳವ್ವ ಮಗನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಕೈ ಹಚ್ಚಬ್ಯಾಡ್ರಿ."

"ನುಂಗತಾನೋ ಇಲ್ಲೋ ನಿನಗ ಗೊತ್ತೈತೇನು?"

"ಗೊತ್ತಿಲ್ಲ."

"ಮತ್ತ?"

"ಗೊತ್ತಿಲ್ಲದ ಇರೂದ ಕಲೀಬೇಕಾಗೇತಿ. ನೀವೂ ಕಲೀರಿ."

ಆಡಿದ ಮೇಲೆ ಅವಳಿಗೇ ಆ ಮಾತು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಕಲಿಯುವುದು ಹೇಗೆ ಎಂಬುದಂತೂ ಮೊದಲೇ ತಿಳಿದಿರಲಿಲ್ಲ.

ಕೂಟದ ದಿನ ಖಾನಾಪುರಕ್ಕೆ ಒಬ್ಬಳೇ ಹೋದಳು. ಓಂಕಾರ ಮುಂಚಿನ ಗಾಡಿಗೇ ಹೋಗಿ ಆಚೆಯ ಜಮಖಾನೆಯ ಮೇಲೆ ಬೆನ್ನು ಮಾಡಿ ಕೂತಿದ್ದ. ನೀಲಾ ಓಡಿಬಂದು ಬಾಳವ್ವನ ಎರಡೂ ಕೈ ಹಿಡಿದುಕೊಂಡಳು. ನೀವು ಹೇಳಿದ ಹಾಗೆ ಹಾಕುತ್ತಿದ್ದೇನೆ, ಅವರು ರಾತ್ರಿ ನಿದ್ದೆ ಮಾಡುತ್ತಿದ್ದಾರೆ, ಮಕ್ಕಳು ಅಪ್ಪನ ಹತ್ತಿರ ಹೋಗುತ್ತಿದ್ದಾರೆ, ದೇವರ ಹಾಗೆ ಬಂದಿರಿ ಎಂದು ಮರಾಠಿಯಲ್ಲಿ ಹೇಳಿದಳು.  ನಿಲ್ಲಿಸು ಎನ್ನಲು ಬಾಳವ್ವನಿಗೆ ಬಾಯಿ ಬರಲಿಲ್ಲ, ಮುಂದುವರಿಸು ಎನ್ನಲೂ ಬರಲಿಲ್ಲ. ತನ್ನ ಮನೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿದಳು, ಎರಡೂವರೆಯನ್ನೂ ಬಿಡದೆ. ನೀಲಾ ಹಿಡಿದ ಕೈ ಬಿಟ್ಟಳು. "ಮತ್ತ ನಾ ಏನ್ ಮಾಡಲಿ ಅಕ್ಕಾ?" ಎಂದು ಈ ಸಲ ಕನ್ನಡದಲ್ಲೇ ಕೇಳಿದಳು.

"ನನಗ ತಿಳೀವಲ್ತವ್ವಾ. ಡಾಕ್ಟರ್ ಮುಂದ ಮುಚ್ಚಿಡಬ್ಯಾಡ. ಅದೊಂದ ಖಾತ್ರಿಲೆ ಹೇಳ್ತೇನಿ."

ಮಾಯವ್ವ ಚಹಾ ತಂದಿಟ್ಟಳು. ಲಕ್ಷ್ಮಣ ಮತ್ತೆ ಉಣ್ಣಲು ಶುರುಮಾಡಿದ್ದು ಹೇಗೆ ಎಂದು ಬಾಳವ್ವ ಕೇಳಿದಳು. ಏನು ಮಾಡಿದಿ, ಏನು ಹೇಳಿದಿ?

"ಏನೂ ಮಾಡಲಿಲ್ಲ. ದಿನಾ ಮಾಡಿ ಇಡ್ತಿದ್ದೆ, ದಿನಾ ನಾನ ತಿಂತಿದ್ದೆ. ಒಂದಿನ ಬಂದ ಕುಂತ. ಯಾಕ ಅಂದ್ರ ನನಗೂ ಗೊ-ತ್ತಿಲ್ಲ," ಎಂದು ಮಾಯವ್ವ ಎಳೆದು ಹೇಳಿ ನಕ್ಕಳು. "ಕುರಿ ಹೆದರಿದ್ರ ಬೆನ್ನ ಹತ್ತಬಾರದು ಬಾಯಿ. ಕುಂದರಬೇಕು. ಆದ್ರ ಮಕ್ಕಳು ಕುರಿ ಅಲ್ಲಲ್ಲ, ಅದಕ್ಕ ಇದೂ ಬರೋಬರಿ ಹೌದೋ ಅಲ್ಲೋ."

ಇದಾಗಿ ಎಷ್ಟೋ ದಿನದ ಮೇಲೆ ಒಂದು ಮುಂಜಾನೆ ಬಾಳವ್ವ ಝುಣಕಕ್ಕೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ದಾನೇಶ್ವರಿ ರೊಟ್ಟಿ ಬಡಿದು ಮುಗಿಸಿ ಆಗಷ್ಟೇ ಎದ್ದಿದ್ದಳು. ಓಂಕಾರ ಬಂದು ಬಾಗಿಲಲ್ಲಿ ನಿಂತ. ಆಮೇಲೆ ಒಳಗೆ ಬಂದು ಕಟ್ಟೆಗೆ ಆತು ನಿಂತ. ಬಾಳವ್ವ ಮಾತಾಡಿಸಲಿಲ್ಲ. ಕಡಲೆಹಿಟ್ಟಿನ ಡಬ್ಬಿ ತೆಗೆದಾಗ ಅವನು ಕೈ ಚಾಚಿದ, ಕೊಟ್ಟಳು. ಮುಚ್ಚಳ ತೆಗೆದು ನೋಡಿದ, ಮೂಸಿದ, ತಿರುಗಿ ಕೊಟ್ಟ. ಅರಿಷಿಣದ ಡಬ್ಬಿಯನ್ನೂ ಹಾಗೆಯೇ. ಎಣ್ಣೆಯ ಗಿಂಡಿಯನ್ನೂ ಹಾಗೆಯೇ. ಪೊಲೀಸರು ಕಳ್ಳನ ಮನೆ ಝಡತಿ ಮಾಡಿದ ಹಾಗೆ ಮಾಡುತ್ತಾನಲ್ಲ ಎಂದು ಅವಳ ಕಿವಿ ಬಿಸಿಯಾಯಿತು. ಮರುಗಳಿಗೆ, ಬಂದನಲ್ಲ ಎಂದು ಕಣ್ಣು ತುಂಬಿತು. ಇದು ಸಿಟ್ಟೋ, ಸಂತೋಷವೋ, ಉಳ್ಳಾಗಡ್ಡಿಯೋ? ಅವಳು ಹಿಟ್ಟು ತಿರುವುತ್ತ ಹೋದಳು.

ಝುಣಕ ಇಳಿಸಿದಳು. ಓಂಕಾರ ತಾನೇ ಒಂದು ತಾಟು ತೆಗೆದು ತೊಳೆದು ತಂದು, ಅವಳ ಮುಂದೆ ಇಟ್ಟ.

"ಮೊದಲ ನೀ ತಿನ್ನು."

ಮದುವೆಯಾಗಿ ಬಂದಂದಿನಿಂದ ಗಂಡಸರು ಉಣ್ಣುವ ಮೊದಲು ಆ ಮನೆಯಲ್ಲಿ ಬಾಳವ್ವ ತುತ್ತು ಎತ್ತಿದವಳಲ್ಲ. ಪಡಸಾಲೆಯಲ್ಲಿ ಗುರುಪುತ್ರಪ್ಪ ಪೂಜೆ ಮುಗಿಸಿ ಕೂತಿದ್ದ, ಅವನ ನೆರಳು ಬಾಗಿಲವರೆಗೆ ಬಂದು ನಿಂತಿತು. ಬಾಳವ್ವ ನೆಲಕ್ಕೆ ಕೂತಳು. ರೊಟ್ಟಿ ಮುರಿದು, ಬಿಸಿ ಝುಣಕ ಹಚ್ಚಿ ಬಾಯಿಗಿಟ್ಟಳು. ಓಂಕಾರ ಅವಳ ಗಂಟಲನ್ನೇ ನೋಡುತ್ತಿದ್ದ.

"ಏನಿದು?" ಎಂದ ಗುರುಪುತ್ರಪ್ಪ ಬಾಗಿಲಿಂದ.

"ನಿಮಗ ಹಸಿವಾಗಿದ್ರ ಒಂದ ಗಳಿಗಿ ತಡೀರಿ," ಎಂದಳು ಬಾಳವ್ವ ತಿರುಗದೆ.

"ಉಪ್ಪ ಹೆಂಗ ಐತಿ?" ಎಂದು ಓಂಕಾರ ಕೇಳಿದ.

"ಕಡಿಮಿ ಬಿದ್ದೈತಿ."

ಅವನು ಉಪ್ಪಿನ ಭರಣಿ ತಾನೇ ಇಳಿಸಿದ. ಬೆರಳಿನಿಂದ ಚಿಟಿಕೆ ತೆಗೆದು, ಮೊದಲು ತನ್ನ ನಾಲಿಗೆಗೆ ಹಚ್ಚಿ ನೋಡಿ, ಝುಣಕಕ್ಕೆ ಹಾಕಿ ಕಲಸಿದ. ಇನ್ನೊಂದು ತಾಟು ತಂದುಕೊಂಡು ಅವಳ ಎದುರಿಗೆ ಕೂತ. ರೊಟ್ಟಿ ತಾಟಿಗೆ ಹಾಕಿಕೊಂಡ, ಮುಟ್ಟಲಿಲ್ಲ.

ಬಾಳವ್ವ ಎರಡನೆಯ ತುತ್ತು ಬಾಯಿಗಿಟ್ಟಳು. ಅವಳು ನುಂಗುವವರೆಗೆ ಕಾದು ಓಂಕಾರ ರೊಟ್ಟಿ ಮುರಿದ.